ಹತ್ತು ಕೆಜಿ ಒಳಗಿನವು

ಮೊನ್ನೆ ಒಬ್ಬ ಹುಡುಗ, ಡಿಗ್ರಿ ಸೆಕೆಂಡ್ ಇಯರ್ ಅಂತ, ನಮ್ಮ ಕಾಟಾಕ್ಕ, ಅಂದ್ರ ಲಾರಿ ಟ್ರ್ಯಾಕ್ಟರ್ ತೂಗೋ ಜಾಗಕ್ಕ, ಬಂದು ಅರ್ಧ ತಾಸು ನಿಂತಿದ್ದ. ಟ್ರ್ಯಾಕ್ಟರ್ ಅವರಪ್ಪಂದು. ಅಪ್ಪ ಭತ್ತ ಹಸಿ ಐತೋ ಇಲ್ಲೋ ಅಂತ ಮಿಲ್ಲಿನ ಒಳಗ ಜಗಳಾಡಾಕ ಹೋಗಿದ್ದ, ಇವನಿಗೆ ಕೆಲಸ ಇಲ್ಲ, ಟೇಬಲ್ ಮ್ಯಾಲ ಬಿದ್ದಿದ್ದ ಕಾಟಾ ಚೀಟಿ ಹಿಂದ ನಾನು ಗೀಚಿದ್ದನ್ನ ಓದಿಬಿಟ್ಟ. "ಅಣ್ಣಾ ನೀವು ಕವಿತೆ ಬರೀತೀರೇನ್ರಿ" ಅಂದ. ಹೂಂ ಅಂದೆ, ಕಳ್ಳತನ ಮಾಡಿ ಸಿಕ್ಕಿಬಿದ್ದಂಗಾತು. "ನಾನೂ ಬರೀಬೇಕಂತೀನ್ರಿ, ಆದ್ರ ಏನ್ ಬರೀಬೇಕಂತ ತಿಳಿಯಂಗಿಲ್ಲ, ನಮ್ಮೂರಾಗ ಏನೂ ಇಲ್ಲಲ್ರಿ" ಅಂದ.

ಅವನಿಗೆ ಅವತ್ತು ಸರಿಯಾಗಿ ಉತ್ರ ಕೊಡಾಕ ಆಗ್ಲಿಲ್ಲ, ಹಿಂದ ಎರಡು ಲಾರಿ ಹಾರ್ನ್ ಹೊಡ್ಯಾಕತ್ತಿದ್ವು. ಅದಕ್ಕ ಇಲ್ಲಿ ಬರಿಯಾಕತ್ತೀನಿ, ಸ್ವಲ್ಪ ಉದ್ದ ಆದ್ರ ಬೈಬ್ಯಾಡ್ರಿ.

ನಮ್ಮೂರಾಗ ಏನೂ ಇಲ್ಲ ಅನ್ನೋದು ನಾನೂ ಹತ್ತು ವರ್ಷ ಹೇಳ್ಕೊಂತ ತಿರುಗಿದ ಮಾತೇ. ನಮ್ಮೂರು ಅಂದ್ರ ಕಾರಟಗಿ, ಕೊಪ್ಪಳ ಜಿಲ್ಲಾ. ಎತ್ತ ನೋಡಿದ್ರೂ ರೈಸ್ ಮಿಲ್ಲಿನ ಚಿಮಣಿ, ಹೊಟ್ಟಿನ ಬೂದಿ ಗಾಳಿಗೆ ಹಾರಿ ಬಂದು ಒಣ ಹಾಕಿದ ಅರಬಿ ಮ್ಯಾಲ ಕುಂದ್ರತೈತಿ, ಸುಗ್ಗಿ ಟೈಮಿನ್ಯಾಗ ಅರ್ಧ ರೋಡು ಭತ್ತ ಹರವಿರ್ತಾರ, ಉಳಿದ ಅರ್ಧದಾಗ ಬಸ್ಸು ಲಾರಿ ಬೈಕು ಎಮ್ಮಿ ಎಲ್ಲಾ ಹೋಗಬೇಕು. ನನ್ನ ಕೆಲಸ ಕಾಟಾದಾಗ. ತುಂಬಿದ ಗಾಡಿ ಪ್ಲೇಟ್ ಮ್ಯಾಲ ಬಂದು ನಿಂದರ್ತೈತಿ, ಗ್ರಾಸ್ ಬರ್ಕೋತೀವಿ, ಒಳಗ ಹೋಗಿ ಖಾಲಿ ಆಗಿ ವಾಪಸ್ ಬರ್ತೈತಿ, ಟೇರ್ ಬರ್ಕೋತೀವಿ, ಕಳದ್ರ ನೆಟ್. ಅದನ್ನ 75ರಿಂದ ಭಾಗಿಸಿದ್ರ ಚೀಲ, ಯಾಕಂದ್ರ ನಮ್ಮ ಕಡಿ ಭತ್ತದ ರೇಟು 75 ಕೆಜಿ ಚೀಲದ ಲೆಕ್ಕದಾಗ. ಮುಗೀತು. ಇದ್ರಾಗ ಕವಿತೆ ಎಲ್ಲಿಂದ ತರಬೇಕು ಅಂತ ನನಗೂ ಅನಿಸ್ತಿತ್ತು.

ಹಂಗಾಗಿ ಬ್ಯಾರೆ ಕಡಿಯಿಂದ ತರ್ತಿದ್ದೆ. ಮಲೆನಾಡಿನ ಮಳಿ ಮ್ಯಾಲ ಬರೀತಿದ್ದೆ, ಮಲೆನಾಡು ನೋಡದೇನ. ಸಮುದ್ರದ ಮ್ಯಾಲ ಬರೀತಿದ್ದೆ, ಸಮುದ್ರ ನಾನು ಮೊದಲನೇ ಸಲ ನೋಡಿದ್ದು 26ನೇ ವಯಸ್ಸಿನ್ಯಾಗ, ಅದೂ ಗೋಕರ್ಣಕ್ಕ ಹರಕಿ ತೀರಸಾಕ ಹೋದಾಗ. ಸೋನೆ ಮಳೆ ಅಂತ ಒಂದು ಕವಿತೆ ಇತ್ತು ನಂದು, ಇಲ್ಲಿ ಸೋನಾ ಅಂದ್ರ ಯಾರನ್ನ ಕೇಳಿದ್ರೂ ಸೋನಾ ಮಸೂರಿ ಅಂತಾರ. ಅದನ್ನ ಒಂದು ಕವಿಗೋಷ್ಠಿಯೊಳಗ ಓದಿದೆ, 3 ನಿಮಿಷದಾಗ ಮುಗಸ್ರಿ ಅಂದಿದ್ರು, ನಾನು ಎರಡೂವರಿಯೊಳಗ ಮುಗಿಸಿ ಇಳದೆ. ನನ್ನ ಜೋಡಿ ಮಿಲ್ಲಿನ ಒಬ್ಬ ಹಮಾಲ ಬಂದಿದ್ದ, ಪಾಪ ಊಟ ಐತಂತ ಬಂದಿದ್ದ. ವಾಪಸ್ ಬರೋವಾಗ ಬೈಕಿನ ಹಿಂದ ಕುಂತು ಕೇಳಿದ, "ಅಣ್ಣಾ, ಆ ಮಳಿ ಎಲ್ಲಿ ಆಗಿದ್ದು?"

ಎಷ್ಟೋ ಮಂದಿ ಶಾಲು ಹೊದ್ಕೊಂಡು ಮಾಡಿದ ವಿಮರ್ಶೆ ಮರ್ತೀನಿ, ಇದನ್ನ ಮರ್ತಿಲ್ಲ. ಎಲ್ಲಿ ಆಗಿದ್ದು? ಎಲ್ಲೂ ಆಗಿದ್ದಿಲ್ಲ. ಪಠ್ಯಪುಸ್ತಕದಾಗ ಆಗಿತ್ತು.

ಅಲ್ಲಿಂದ ಚೀಟಿ ಹಿಂದ ಬರಿಯೋ ಚಟ ಶುರು ಆತು ಅಂತ ಹೇಳಿದ್ರ ಕಥಿ ಚಂದ ಆಕ್ಕತಿ, ಆದ್ರ ಹಂಗೇನಿಲ್ಲ. ಅದಾದ ಮ್ಯಾಲ ಎರಡು ವರ್ಷ ಬರೀಲೇ ಇಲ್ಲ. ಆಮ್ಯಾಲ ಬರಿಯಾಕ ಹಚ್ಚಿದ್ದು ನಮ್ಮ ಸೋದರಮಾವನ ಫೋನು.

ಮಾವ ಇರೋದು ರಾಯಚೂರು ಜಿಲ್ಲಾದಾಗ, ಮಾನ್ವಿ ಕಡಿ, ಕಾಲುವೆ ಟೇಲೆಂಡಿನ್ಯಾಗ, ಅಂದ್ರ ನೀರು ಕೊನಿಗೆ ಮುಟ್ಟೋ ಕಡಿ. ತುಂಗಭದ್ರಾ ಎಡದಂಡಿ ಕಾಲುವೆ 227 ಕಿಲೋಮೀಟರ್ ಉದ್ದ, ಮುನಿರಾಬಾದ್ ಹತ್ರ ಡ್ಯಾಮಿನಿಂದ ಹೊಂಟು ಗಂಗಾವತಿ ಕಾರಟಗಿ ಸಿಂಧನೂರು ದಾಟಿ ಆ ಕಡಿ ಹೋಗೂದ್ರಾಗ ನೀರು ಸುಸ್ತಾಗಿರ್ತೈತಿ. ಮ್ಯಾಲಿನವ್ರು ನಾವು ಎರಡೆರಡು ಸಲ ಭತ್ತ ಹಚ್ಚಿದ್ರ ಕೆಳಗಿನವ್ರು ಒಂದಕ್ಕೂ ಕಣ್ಣು ಬಿಡಬೇಕು, ಇದು ಹೊಸಾ ಜಗಳ ಏನಲ್ಲ. ದೇಶದಾಗ ಕಿಲೋಮೀಟರ್ ಬಂದು ಎಷ್ಟು ವರ್ಷ ಆದ್ರೂ ಕಾಲುವೆ ಮಾತ್ರ ಇನ್ನೂ ಮೈಲಿನ್ಯಾಗೇ ಐತಿ. 47ನೇ ಮೈಲು, 69ನೇ ಮೈಲು, 104ನೇ ಮೈಲು, ಅಲ್ಲಲ್ಲಿ ಗೇಜು, ನೀರು ಎಷ್ಟು ಅಡಿ ಐತಿ ಅನ್ನೋದ್ರ ಮ್ಯಾಲ ಕೆಳಗಿನವ್ರ ವರ್ಷ ನಿಂತಿರ್ತೈತಿ. ಮಾವಗ ನಾನು ಮ್ಯಾಲಿನ ಊರಾಗ ಇದ್ದೀನಿ, ಕಾಟಾದಾಗ ಹತ್ತು ಊರಿನ ಮಂದಿ ಬರ್ತಾರ, ಹಂಗಾಗಿ ನನಗ ಎಲ್ಲಾ ಗೊತ್ತಿರ್ತೈತಿ ಅಂತ ನಂಬಿಕಿ. ಒಂದಿನ ಫೋನ್ ಇಟ್ಟ ಮ್ಯಾಲ ಕೈಯಾಗಿದ್ದ ಚೀಟಿ ಹಿಂದ ಹಂಗ ಸುಮ್ನ ಬರದೆ:

ಆರಾಮ ಅದೀಯೇನು ಅಂತ ಕೇಳೂಕಿಂತ ಮೊದಲು
ಮಾವ ಕೇಳ್ತಾನ,
ನೂರಾ ನಾಕಕ್ಕ ಎಷ್ಟೈತಿ?
ನಾನು ಅಡಿ ಹೇಳ್ತೀನಿ.
ಅವ ಇಂಚು ಕೇಳ್ತಾನ.

ಇದು ಕವಿತೆ ಹೌದೋ ಅಲ್ಲೋ ನನಗ ಆಗ ಗೊತ್ತಾಗ್ಲಿಲ್ಲ. ಯಾಕಂದ್ರ ನಾನೇನೂ ಮಾಡಿದ್ದಿಲ್ಲ ಅದ್ರಾಗ, ಆಗಿದ್ದನ್ನ ಬರದಿದ್ದೆ ಅಷ್ಟೆ. ಆ ಹಮಾಲಗ ಓದಿ ತೋರಿಸಿದೆ. ಅವ ಸುಮ್ನಿದ್ದ, ಆಮ್ಯಾಲ "ನಮ್ಮತ್ತಿ ಮನಿನೂ ಟೇಲೆಂಡ್ ಅಣ್ಣಾ" ಅಂದ. ಎಲ್ಲಿ ಆಗಿದ್ದು ಅಂತ ಈ ಸಲ ಕೇಳಲಿಲ್ಲ.

ಈಗ ಆ ಹುಡುಗಗ ಹೇಳೂದಿದ್ರ ಇದನ್ನೇ ಹೇಳ್ತೀನಿ, ವಿಷಯ ಹುಡುಕಾಕ ಹೋಗಬ್ಯಾಡ, ಮಾತು ಹುಡುಕು. ಮಂದಿ ಏನ್ ಅಂದ್ರು, ಯಾವ ಶಬ್ದ ಬಳಸಿದ್ರು, ನಂಬರ್ ಎಷ್ಟಿತ್ತು, ಅದನ್ನ ಹಂಗ ಇಳಿಸಿಕೋ. ನಿನಗ ಏನ್ ಅನಿಸ್ತು ಅನ್ನೋದನ್ನ ಬರಕೋಬ್ಯಾಡ. ನನಗ ಏನ್ ಅನಿಸ್ತು ಅನ್ನೋದು ನಾಳಿಗೂ ಇರ್ತೈತಿ, ಬ್ಯಾಡ ಅಂದ್ರೂ ಇರ್ತೈತಿ. ಅವ್ರು ಅಂದ ಮಾತು ಮಾತ್ರ ಮುಂದಿನ ಲಾರಿ ಬರೂದ್ರಾಗ ಹೋಗಿಬಿಡ್ತೈತಿ, ಸಂಜಿಕ ನೆಪ್ಪು ಮಾಡ್ಕೊಂಡು ಬರದ್ರ ಅದು ನನ್ನ ಮಾತಾಗಿರ್ತೈತಿ, ಶುದ್ಧ ಆಗಿರ್ತೈತಿ, ಸತ್ತಿರ್ತೈತಿ.

ತುಂಗಭದ್ರಾ ಡ್ಯಾಮಿನ ಗೇಟ್ ಹೋದಾಗಿಂದು ಹೇಳ್ತೀನಿ. 2024ರ ಆಗಸ್ಟ್ 10, ರಾತ್ರಿ, ಚೈನ್ ತುಂಡಾಗಿ 19ನೇ ಕ್ರಸ್ಟ್ ಗೇಟು ಕೊಚ್ಕೊಂಡು ಹೋತು. ಮರುದಿನ ವಾಟ್ಸಾಪ್ ಗ್ರೂಪಿನ್ಯಾಗ ಕವಿತೆಗಳ ಪ್ರವಾಹ, ನೀರಿಗಿಂತ ಜಾಸ್ತಿ, ತುಂಗಭದ್ರೆಯ ಕಣ್ಣೀರು, ತಾಯಿಯ ಒಡಲು, ರೈತನ ಒಡಲು, ಒಡಲು ಅನ್ನೋ ಶಬ್ದ ಆ ವಾರ ಎಷ್ಟು ದುಡೀತಂದ್ರ ಅದಕ್ಕ ಒಂದು ರಜಾ ಕೊಡಬೇಕಿತ್ತು. ನಾನೂ ಒಂದು ಬರದಿದ್ದೆ, ಸುಳ್ಳು ಯಾಕ ಹೇಳಲಿ, ನಂದ್ರಾಗೂ ಒಡಲು ಇತ್ತು. ಮಂದಿ ಜೋಡಿ ಕುಂತು ಚಾ ಕುಡಿಯೋವಾಗ ಒಬ್ಬ ವಯಸ್ಸಾದ ಹಮಾಲ, ಯಾರಿಗೂ ಹೇಳಿದಂಗಲ್ಲ, ಬಸಿಯೊಳಗಿನ ಚಾಕ್ಕ ಹೇಳಿದಂಗ ಹೇಳಿದ, "ಹತ್ತೊಂಬತ್ತನೇದು ಹೋತು ಅಂದ್ರ, ಉಳಿದ ಮೂವತ್ತೆರಡು ನಿನ್ನಿ ರಾತ್ರಿ ನಿದ್ದಿ ಮಾಡಿದಾವೇನು?"

ಒಟ್ಟು ಗೇಟು 33. ಅವ ಕಳೆಯೋದು ಕಳದು ಹೇಳಿದ್ದ. ನಾವೆಲ್ಲಾ ಹೋದ ಗೇಟಿನ ಮ್ಯಾಲ ಬರಿಯಾಕತ್ತಿದ್ವಿ, ಅವಗ ಉಳಿದ ಗೇಟಿನ ಚಿಂತಿ. ನಾನು ನನ್ನ ಒಡಲನ್ನ ಗ್ರೂಪಿನಿಂದ ಡಿಲೀಟ್ ಮಾಡಿದೆ, ಡಿಲೀಟ್ ಫಾರ್ ಎವ್ರಿಒನ್. ಆದ್ರ ಆ ಮಾತನ್ನ ಇನ್ನೂ ಕವಿತೆ ಮಾಡಾಕ ಆಗಿಲ್ಲ, ಎಲ್ಲಿ ಕೈ ಹಚ್ಚಿದ್ರೂ ಕೆಡತೈತಿ. ಕೆಲವು ಹಂಗ ಇರ್ತಾವ, ಬಂದಾಗ ಪೂರ್ತಿ ಆಗೇ ಬಂದಿರ್ತಾವ, ನಮಗ ಕೆಲಸಾನ ಇರಂಗಿಲ್ಲ.

ಓದಿದವ್ರಷ್ಟ ಕವಿ ಅನ್ನೋ ಹುಚ್ಚು ನಮ್ಮ ಕಡಿ ಯಾಕ ಬಂತೋ ಗೊತ್ತಿಲ್ಲ. ಕೊಪ್ಪಳದವ್ರಿಗೆ ಮೈಕ್ ಸಿಕ್ಕರ ಸಾಕು, ಒಂಬತ್ತನೇ ಶತಮಾನದ ಕವಿರಾಜಮಾರ್ಗದಾಗ ತಿರುಳ್ಗನ್ನಡ ನಾಡು ಅಂತ ನಾಕು ಊರ ಹೆಸರು ಹೇಳ್ಯಾರ, ಅದ್ರಾಗ ನಮ್ಮ ಕೊಪಣ ಒಂದು ಅಂತ ಶುರು ಮಾಡ್ತೀವಿ, ನಾನೂ ಮಾಡೀನಿ. ಆದ್ರ ಅದೇ ಪುಸ್ತಕದಾಗ ಈ ನಾಡಿನ ಮಂದಿ ಅಭ್ಯಾಸ ಮಾಡಿ ಓದದೇನೂ ಕಾವ್ಯ ಕಟ್ಟೋವಂಥವ್ರು ಅನ್ನೋ ಮಾತೂ ಐತಿ, ಅದನ್ನ ಹೇಳಿ ಚಪ್ಪಾಳಿ ಹೊಡಿಸ್ಕೊಂಡು ಕೆಳಗಿಳಿದು, ಚಾ ಕೊಡಾಕ ಬಂದಾಕಿ ಏನ್ ಮಾತಾಡ್ತಾಳ ಅಂತ ಕಿವಿ ಕೊಡಂಗಿಲ್ಲ. ಇಲ್ಲೇ ಬಳ್ಳಾರಿ ಜಿಲ್ಲಾ ಸಂಡೂರು ತಾಲೂಕಿನ ದರೋಜಿ ಈರಮ್ಮ, ಬುರ್ರಕಥಾ ಈರಮ್ಮ ಅಂತಾರಲ್ಲ, 2014ರಾಗ ತೀರಿಕೊಂಡ್ರು, ಓದು ಬರಹ ಬರ್ತಿದ್ದಿಲ್ಲ ಅವರಿಗೆ, ರಾತ್ರಿಗಟ್ಟಲೆ ಹಾಡೋವಂಥ ಕಾವ್ಯ ನೆಪ್ಪಿನ್ಯಾಗ ಇಟ್ಕೊಂಡಿದ್ರು. ನನಗ ನನ್ನ ಸ್ವಂತದ ಎಂಟು ಸಾಲು ಚೀಟಿ ಇಲ್ದ ಬರಂಗಿಲ್ಲ.

ನೆಪ್ಪು ಅಂದಾಗ ನಮ್ಮವ್ವಂದು ಹೇಳಬೇಕು. ಅವ್ವಗ ಬೀಸೋ ಕಲ್ಲಿನ ಪದ ಬರ್ತಿದ್ವು. ಗಿರಣಿ ಬಂತು, ಕಲ್ಲು ಹಿತ್ತಲಾಗ ಬಿತ್ತು, ಪದಾನೂ ಹೋದ್ವು. ನಾನು ಮೊಬೈಲ್ ಹಿಡ್ಕೊಂಡು ಮುಂದ ಕುಂತು ಹೇಳವ್ವಾ ಅಂದ್ರ "ಯಪ್ಪಾ ಬರವಲ್ದು" ಅಂತಿದ್ಲು. ಒಂದಿನ ಅಕ್ಕಿ ಹಸನು ಮಾಡ್ಕೊಂತ ಕುಂತಿದ್ಲು, ಕೈಯಾಗಿದ್ದ ಸ್ಟೀಲ್ ಡಬ್ಬಿ ಮುಚ್ಚಳ ನೆಲದ ಮ್ಯಾಲಿಟ್ಟು ಸುಮ್ನ ಗರಗರ ತಿರುಗಿಸಾಕತ್ಲು, ತಿರುಗಿಸ್ತಾ ತಿರುಗಿಸ್ತಾ ಬಾಯಾಗ ಪದ ಬಂತು. ಮೂರು ಸಾಲು, ಎರಡನೇ ಸಾಲಿಗೆ ಹೊರಳಿ ಬರ್ತಿದ್ಲು ಕಲ್ಲು ಹೊರಳಿ ಬಂದಂಗ. ಆ ತ್ರಿಪದಿ ಮೂರೇ ಸಾಲಿಂದು ಯಾಕ, ಹಾಡೋವಾಗ ಯಾಕ ಹಿಂದ ಹೋಗ್ತೈತಿ ಅಂತ ನಾನು ಪರೀಕ್ಷಾಕ್ಕ ಓದಿದ್ದೆ, ಗಣ ಎಣಿಸಿ ಮಾರ್ಕ್ಸ್ ತಗೊಂಡಿದ್ದೆ, ಮುಚ್ಚಳ ನೋಡಿದ ಮ್ಯಾಲ ತಿಳೀತು. ನಾನು ಮೊಬೈಲ್ ತಗದೆ, ಆಕಿ ಕೈ ನಿಂತುಬಿಡ್ತು. ಆಮ್ಯಾಲಿಂದ ರೆಕಾರ್ಡ್ ಮಾಡೂದು ಬಿಟ್ಟೀನಿ. ಚೀಟಿಗೆ ಯಾರೂ ಹೆದರಂಗಿಲ್ಲ, ಕಾಟಾದಾಗ ಕುಂತವ ಚೀಟಿ ಮ್ಯಾಲ ಬರ್ಕೋತಾನ ಅಂದ್ರ ತೂಕ ಬರ್ಕೋತಾನ ಅಂತ ತಿಳ್ಕೋತಾರ.

ಇಲ್ಲೇ ಒಂದು ಕಸಿವಿಸಿ ಐತಿ, ಅದನ್ನೂ ಹೇಳಿಬಿಡ್ತೀನಿ. ಒಬ್ಬ ಡ್ರೈವರ್, ಎಲ್ಲಿಯವ ಅಂತ ಹೇಳೂದು ಬ್ಯಾಡ, ರಾತ್ರಿ ಎರಡಕ್ಕ ಖಾಲಿ ಆಗೂದನ್ನ ಕಾಯ್ಕೊಂತ ತನ್ನ ಮನಿ ತ್ರಾಸು ಎಲ್ಲಾ ಹೇಳಿಕೊಂಡ. ನಾನು ಬರ್ಕೊಂಡೆ, ಚಲೋ ಕವಿತೆ ಆತು, ಒಂದು ಪೇಪರಿನ್ಯಾಗ ಬಂತು. ಹೆಸರು ಹಾಕಿದ್ದಿಲ್ಲ, ಆದ್ರ ಲಾರಿ ಹಿಂದಿನ ಚಿತ್ರ ಹಾಕಿದ್ದೆ, ಜಿಂಕಿ ಚಿತ್ರ. ಯಾರೋ ಓದಿ ಅವಗ ಹೇಳ್ಯಾರ. ಅವ ಜಗಳಕ್ಕ ಬರ್ಲಿಲ್ಲ. ಮುಂದಿನ ಸಲ ಕಾಟಾಕ್ಕ ಬಂದಾಗ ಕಿಟಕಿ ಹತ್ರ ಬರದೇನ ಕ್ಲೀನರ್‌ನ ಕಳಿಸಿ ಚೀಟಿ ತರಿಸ್ಕೊಂಡ. ಈಗಲೂ ಹಂಗ ಮಾಡ್ತಾನ. ಆ ಕವಿತೆಗೆ ಬಂದಷ್ಟು ಮೆಚ್ಚುಗಿ ನನ್ನ ಬ್ಯಾರೆ ಯಾವ ಕವಿತೆಗೂ ಬಂದಿಲ್ಲ, ಎಲ್ಲೂ ಓದಂಗಿಲ್ಲ ನಾನು ಅದನ್ನ. ಮಂದಿ ಮಾತು ಸಿಗತೈತಿ ಅಂದ್ರ ತಗೋಬಹುದು ಅಂತಲ್ಲ. ಯಾವುದನ್ನ ತಗೋಬಹುದು ಯಾವುದನ್ನ ಬಿಡಬೇಕು ಅನ್ನೋದಕ್ಕ ನನ್ನ ಹತ್ರ ಕಾಯ್ದೆ ಇಲ್ಲ, ಜಿಂಕಿ ಚಿತ್ರದ ಲಾರಿ ಬಂದ ದಿನ ಮಾತ್ರ ಪೆನ್ನು ಮುಟ್ಟಂಗಿಲ್ಲ.

ಫಾರ್ಮು ಅಂತಾರಲ್ಲ, ಅದೂ ಇಲ್ಲೇ ಬಿದ್ದಿರ್ತೈತಿ. ರಾಯಚೂರು ಕಡಿ ಕನ್ನಡ ಗಜಲ್ ಬರಿಯೋವ್ರು ಭಾಳ, ಹೆಂಬೇರಾಳದ ಶಾಂತರಸರು ಹಾಕಿದ ದಾರಿ ಅದು, ಉರ್ದು ಕಿವಿ ಇದ್ದ ಊರು ಬ್ಯಾರೆ. ರದೀಫ್ ಅಂದ್ರ ಪ್ರತಿ ದ್ವಿಪದಿ ಕೊನಿಗೆ ಬರೋ ಅದೇ ಶಬ್ದ, ಅದರ ಹಿಂದ ಪ್ರಾಸ ಆಗೋದು ಕಾಫಿಯಾ. ನಾನು ರದೀಫಿಗೆ ಚಂದ್ರ, ಗೆಳತಿ, ಮದ್ಯ ಸುರಿಯೋ ಸಾಕಿ ಎಲ್ಲಾ ಇಟ್ಟು ನೋಡಿದೆ, ಕಾರಟಗಿಯೊಳಗ ಸಾಕಿ ಎಲ್ಲಿಂದ ಬರಬೇಕು. ಆಮ್ಯಾಲ ಒಂದಿನ ಲಕ್ಷ್ಯ ಕೊಟ್ಟು ಕೇಳಿದೆ, ನಮ್ಮ ಡ್ರೈವರ್‌ಗಳು ಏನ್ ಕೇಳಿದ್ರೂ ಕೊನಿಗೆ "ನಡೀತೈತಿ ಬಿಡ್ರಿ" ಅಂತಾರ. ಟಯರ್ ಬೋಳಾಗೈತಲ್ಲೋ, ನಡೀತೈತಿ. ಊಟ ಆತೇನೋ, ನಡೀತೈತಿ. ಅವ್ರು ದಿನಾ ಗಜಲ್ ಹೇಳ್ತಿದ್ರು, ನಾನು ಗ್ರಾಸ್ ಟೇರ್ ಬರ್ಕೊಂತ ಕುಂತಿದ್ದೆ.

ಒಡೆದ ರಸ್ತಾ, ಬೋಳು ಟಯರು, ಆದ್ರೂ ಲಾರಿ ನಡೀತೈತಿ
ಮುರಿದ ಮಾತು, ಬಡ್ಡಿ ಸಾಲ, ಆದ್ರೂ ದಾರಿ ನಡೀತೈತಿ

ಗೇಟು ಹೋದ ವರ್ಷ ನಕ್ಕವರ್ಯಾರು ಅಂತ ಕೇಳಬ್ಯಾಡ
ಸುಗ್ಗಿಯಾಗೊಮ್ಮೆ, ಸಾಲದಾಗೊಮ್ಮೆ, ಎರಡೂ ಸಾರಿ ನಡೀತೈತಿ

ಎರಡನೇದು ತಿಣುಕಿದಂಗೈತಿ, ಗೊತ್ತೈತಿ ನನಗ. ಕಾಫಿಯಾ ಸಲುವಾಗಿ ಎಳಕೊಂಡು ಬಂದೀನಿ. ಮೊದಲನೇದು ಅರ್ಧ ಅವ್ರದೇ.

ಈಗ ಮುಖ್ಯ ವಿಷಯಕ್ಕ ಬರ್ತೀನಿ, ಟೈಟಲ್ ಇಟ್ಟು ಇಷ್ಟೊತ್ತು ಹೇಳಲೇ ಇಲ್ಲ. ನಮ್ಮ ಕಾಟಾ ಹತ್ತು ಹತ್ತು ಕೆಜಿ ಲೆಕ್ಕದಾಗ ತೋರಸ್ತೈತಿ. 3850, 3860, 3870, ಹಿಂಗ. ನಡುವಿನದು ಅದಕ್ಕ ಕಾಣಂಗಿಲ್ಲ. ಲಾರಿಗೆ ಅಷ್ಟು ಸಾಕು. ಒಂದಿನ ಖಾಲಿ ಟ್ರ್ಯಾಕ್ಟರ್ ಟೇರ್‌ಗೆ ಬಂತು, ಟ್ರಾಲಿಯೊಳಗ ಮಂದಿ ಕುಂತಾರ, ನಾನು ಕಿಟಕಿಯಿಂದ ಒದರಿದೆ, ಎಲ್ಲಾರೂ ಇಳೀರಿ ಅಂತ. ಗಂಗಾವತಿ ದವಾಖಾನಿಯಿಂದ ಬಾಣಂತಿನ ಊರಿಗೆ ಕರ್ಕೊಂಡು ಹೊಂಟಿದ್ರಂತ, ದಾರ್ಯಾಗ ಸಿಕ್ಕ ಸ್ವಂತ ಊರಿನ ಗಾಡಿ ಹತ್ಯಾರ. ಅತ್ತಿ ಇಳಿದ್ಲು, ಗಂಡ ಇಳಿದ, ಬಾಣಂತಿನ ಇಬ್ಬರೂ ಕೂಡಿ ಇಳಿಸಿಕೊಂಡ್ರು. ಆ ಗಡಿಬಿಡಿಯೊಳಗ ಕೂಸು ಟ್ರಾಲಿಯೊಳಗ ಗೋಣಿಚೀಲದ ಮ್ಯಾಲ ಮಲಗಿದ್ದು ಹಂಗ ಉಳೀತು. ನಾನು ಡಿಸ್ಪ್ಲೇ ನೋಡಾಕತ್ತೀನಿ, 3860. ಗಂಡಗ ನೆಪ್ಪಾಗಿ ಓಡಿ ಹೋಗಿ ಕೂಸನ್ನ ಎತ್ಕೊಂಡ, ಕೆಳಗ ಬಂದ. ನಾನು ಯಾಕೋ ನಂಬರ್ ಬದಲಾಗತೈತಿ ಅಂತ ಕಾಯ್ದೆ. ಬದಲಾಗ್ಲಿಲ್ಲ.

ಅವತ್ತು ರಾತ್ರಿ ಕುಂತು ಬರದೆ, ಹದಿನಾಕು ಸಾಲು. ಪ್ರೀತಿಗೆ ತೂಕ ಇಲ್ಲ, ತಾಯಿಯ ಮಡಿಲೇ ತಕ್ಕಡಿ, ಯಂತ್ರಕ್ಕೇನು ಗೊತ್ತು ಹಾಲಿನ ಭಾರ, ಹಿಂಗ ಏನೇನೋ. ಓದಿ ನನಗ ಕಣ್ಣೀರು ಬಂದ್ವು, ಅದೇ ಮೊದಲನೇ ಡೇಂಜರ್ ಸಿಗ್ನಲ್. ಹೆಂಡ್ತಿಗೆ ಕೊಟ್ಟೆ. ಆಕಿ ಅಂಗನವಾಡಿ ಕಾರ್ಯಕರ್ತೆ, ತಿಂಗಳಾ ಕೂಸುಗಳ ತೂಕ ತಗೊಂಡು ಬರಿಯೋಕಿ. ರೊಟ್ಟಿ ಬಡಿಯೋದು ನಿಲ್ಲಿಸದೇನ ಓದಿದ್ಲು, ಹಿಟ್ಟಿನ ಬೆರಳಿಲೆ ಐದನೇ ಸಾಲಿನ ಕೆಳಗ ಒಂದು ಗೆರಿ ಎಳದ್ಲು. "ಇಲ್ಲಿಗೆ ಮುಗೀತಲ್ರಿ. ಮುಂದಿಂದು ಯಾರ ಭಾಷಣ?" ಆಮ್ಯಾಲ "ನಮ್ಮ ತಕ್ಕಡಿಗೆ ತಂದಿದ್ರ ಎರಡು ಕೆಜಿ ಎಂಟುನೂರು ಅಂತ ತೋರಸ್ತಿತ್ತು, ಅದ್ರಾಗ ಅಳೂದೇನೈತಿ" ಅಂದ್ಲು. ಉಳಿದಿದ್ದು ಇಷ್ಟು:

ಎಲ್ಲಾರೂ ಇಳಿದ ಮ್ಯಾಲ
3860.
ಚೀಲದ ಮ್ಯಾಲ ಮಲಗಿದ್ದ ಕೂಸನ್ನ
ಅಪ್ಪ ಎತ್ಕೊಂಡ.
3860.

ಆ ಚೀಟಿ ಮ್ಯಾಲ ಇನ್ನೂ ಹಿಟ್ಟಿನ ಗೆರಿ ಐತಿ. ಉಳಿದ ಚೀಟಿ ಎಲ್ಲಾ ಒಂದು 25 ಕೆಜಿ ಅಕ್ಕಿ ಚೀಲದಾಗ ತುಂಬಿ ಅಟ್ಟದ ಮ್ಯಾಲ ಇಟ್ಟೀನಿ, ಮಿಲ್ಲು ಬಂದ್ ಇದ್ದಾಗ, ಕೆಲಸ ಇಲ್ದಾಗ, ತಗದು ಓದ್ತೀನಿ. ನೂರರಾಗ ತೊಂಬತ್ತು ಏನೂ ಆಗಂಗಿಲ್ಲ. ಯಾಕ ಬರ್ಕೊಂಡೆ ಅನ್ನೋದೇ ತಿಳಿಯಂಗಿಲ್ಲ ಕೆಲವು, "ನೀಲಿ ಬಕೆಟ್, ಮತ್ತ ಕೇಳು" ಅಂತ ಒಂದು ಐತಿ, ಯಾರನ್ನ ಕೇಳಬೇಕೋ ದೇವರಿಗೇ ಗೊತ್ತು. ಹೊಸಾ ಪ್ರಿಂಟರ್ ಚೀಟಿ ಬಿಸಿಲಿಗೆ ಬೆಳ್ಳಗಾಗಿ ತೂಕ ಹಾರಿಹೋಗತೈತಿ, ಹಿಂದ ಪೆನ್ನಿಲೆ ಬರದಿದ್ದು ಉಳೀತೈತಿ. ಇದನ್ನೂ ಕವಿತೆ ಮಾಡಾಕ ಹೋಗಿದ್ದೆ, ಭಾಳ ಜಾಣತನ ಆಕ್ಕತಿ ಅಂತ ಬಿಟ್ಟೆ.

ಕೊನಿಗೆ ಒಂದು. ಹೋದ ವಾರ ಮಧ್ಯಾಹ್ನ, ಗಾಡಿ ಯಾವೂ ಇದ್ದಿಲ್ಲ, ಒಬ್ಬ ಅಜ್ಜ ನಡಕೊಂತ ಬಂದು ಪ್ಲೇಟ್ ಮ್ಯಾಲ ನಟ್ಟ ನಡುವ ನಿಂತ. "ತಮ್ಮಾ, ನಂದೊಂದು ತೂಕ ನೋಡು. ದವಾಖಾನ್ಯಾಗ ಕಮ್ಮಿ ಆಗೀಯಂತ ಅಂದಾರ, ಅವರ ಮಷಿನ್ ಸಣ್ಣದು, ನಿಂದು ದೊಡ್ಡದೈತಿ."

ಅಜ್ಜಾ ಇದು ಲಾರಿಗೆ ಮಾಡಿದ್ದು, ಮನಷ್ಯಾಗ ಸರಿ ತೋರ್ಸಂಗಿಲ್ಲ ಅಂದೆ. ಕೇಳಲಿಲ್ಲ. ಚಪ್ಪಲಿ ಬಿಟ್ಟು, ಕೋಲು ಕೆಳಗಿಟ್ಟು, ಕೈ ಮೈಗೆ ಹಚ್ಕೊಂಡು ನಿಂತ. ಡಿಸ್ಪ್ಲೇದಾಗ 50 ಬಂತು.

"ಐವತ್ತು," ಅಂದೆ, "ಆದ್ರ ಹತ್ತರ ಲೆಕ್ಕ ಅಜ್ಜಾ, ಆಚಿ ಈಚಿ ಇರ್ತೈತಿ."

"ಅಂದ್ರ ಐವತ್ತೈದೂ ಇರಬಹುದು?"

ಇರಬಹುದು ಅಂದೆ. ಅಜ್ಜ ಚೀಟಿ ಕೇಳಿದ. ಪ್ರಿಂಟ್ ಕೊಟ್ಟೆ, ರೊಕ್ಕ ತಗೊಳ್ಲಿಲ್ಲ. ಅದನ್ನ ನಾಕು ಮಡಚಿ ಅಂಗಿ ಒಳಗಿನ ಕಿಸೆಯೊಳಗ ಇಟ್ಕೊಂಡು, ಕೋಲು ತಗೊಂಡು, ಗಿರಣಿ ದಾಟಿ ಬಸ್‌ಸ್ಟ್ಯಾಂಡ್ ಕಡಿ ಹೋದ. ಆಫೀಸ್ ಕಾಪಿ ನನ್ನ ಹತ್ರ ಐತಿ, ಗಾಡಿ ನಂಬರ್ ಅನ್ನೋ ಜಾಗ ಖಾಲಿ, ಹಿಂದೂ ಇನ್ನೂ ಏನೂ ಬರದಿಲ್ಲ.